ಅಪ್ಪನ ಎದೆ, ನನ್ನ ಬ್ಯಾಟರಿ

೨೨ ನವೆಂಬರ್, ಶನಿವಾರ. ಗಜೇಂದ್ರಗಡ.

ಅವ್ವ ಇವತ್ತು ನನ್ನ ಬ್ಯಾಟರಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದಳು, ನೇಯ್ದು ಮುಗಿದ ಸೀರೆಯನ್ನು ಸುತ್ತಿಡುವಷ್ಟೇ ಬಿಗಿಯಾಗಿ. ಸಂಜೆಯ ಹೊತ್ತಿಗೆ ಅದಕ್ಕೆ ಜೋಡಿಸಿದ್ದ ಪುಟ್ಟ ದೀಪ ಆರಿಹೋಗಿತ್ತು.

"ಇದಕ್ಕ ಗಾಳಿ ಬೇಕವ್ವಾ. ಇದೂ ಉಸುರಾಡತೈತಿ," ಅಂದೆ.

"ಮಗ್ಗದ ಧೂಳ ಕೂಡತೈತಿ ಅಂತ ಸುತ್ತಿದ್ನೆವ್ವಾ, ನನಗೇನ ಗೊತ್ತ?" ಅವ್ವನ ಮುಖ ಸಣ್ಣದಾಯಿತು.

ಸತುವಿನ ಬ್ಯಾಟರಿ ಅದು. ಗಾಳಿಯ ಆಮ್ಲಜನಕ ಸಲೀಸಾಗಿ ಕೆಲಸಕ್ಕೆ ಬರಲೆಂದು ಅದಕ್ಕೆ ಮ್ಯಾಂಗನೀಸ್ ಆಕ್ಸೈಡಿನ ಕಪ್ಪು ಲೇಪ ಬಳಿದಿದ್ದೇನೆ. ನನ್ನ ಇಷ್ಟು ವರ್ಷದ ಸಂಶೋಧನೆಯೆಂದರೆ ಆ ಲೇಪವೇ. ಅಪ್ಪನಿಗೆ ತೋರಿಸಲೆಂದೇ ಊರಿಗೆ ತಂದಿದ್ದೆ; ಆ ಲೇಪದ ಕೆಲಸವೇನೆಂದು ಬಂದ ದಿನವೇ ಅವನಿಗೆ ಹೇಳಿದ್ದೆ.

ಪ್ಲಾಸ್ಟಿಕ್ ಬಿಚ್ಚಿದೆ. ಸ್ವಲ್ಪ ಹೊತ್ತಿಗೆ ದೀಪ ಹೊತ್ತಿತು. ಮಗ್ಗದ ಪಕ್ಕ ದಿಂಬಿಗೆ ಒರಗಿದ್ದ ಅಪ್ಪ ಅದನ್ನೇ ನೋಡುತ್ತಿದ್ದ. ನೂಲಿನ ಧೂಳು ಕುಡಿದು ಕುಡಿದು ಕೆಟ್ಟ ಎದೆ ಅವನದು. ಇನ್ನು ಮಾಡುವಂಥದ್ದೇನೂ ಇಲ್ಲವೆಂದು ಡಾಕ್ಟರು ಹೇಳಿಬಿಟ್ಟಿದ್ದಾರೆ.

"ಆ ಕರೀದು... ನನ್ನ ಎದಿಗೆ ಬಳದರ ನಡೀತೈತೇನ, ಮಧು?" ಎಂದು ನಕ್ಕ. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲೇ ಇಲ್ಲ. ನಾನು ಬೆನ್ನು ನೀವುತ್ತಾ ಕೂತೆ, ಅಷ್ಟೇ.

ಈಗಲೂ ಗೋಡೆಯಾಚೆ ಅವನು ಏದುತ್ತಿರುವುದು ಕೇಳಿಸುತ್ತಿದೆ. ಇಲ್ಲಿ ಮೇಜಿನ ಮೇಲೆ ಇದು ಮಾತ್ರ ಆರಾಮಾಗಿ ಉಸಿರಾಡುತ್ತಾ ಉರಿಯುತ್ತಿದೆ. ಎದ್ದು ಮತ್ತೆ ಪ್ಲಾಸ್ಟಿಕ್ ಸುತ್ತಿಬಿಡೋಣ ಅನ್ನಿಸುತ್ತಿದೆ.