ನೆಂಟರ ಮಡಕೆ

ಫೆಬ್ರವರಿ ೨೧, ಮಂಗಳವಾರ

ಮುದ್ದಿನ ತಿಸುಂಗೆ,

ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆದೇ ಕಾಗದ ಶುರು ಮಾಡುವವಳು ನಾನು. ಈ ಸಲ ಆ ಸಾಲು ಬರೆದು ಹೊಡೆದುಹಾಕಿದೆ. ಮೂರು ವಾರದಿಂದ ಎಲ್ಲದರ ಮೇಲೂ ಹೇಸಿಗೆ. ಕಚೇರಿ ಮೇಜಿನ ಮೇಲಿನ ಬಾಟಲಿ ನೀರು ಕಂಡರೆ ಹೇಸಿಗೆ, ನಮ್ಮ ಮೇಲಧಿಕಾರಿ ಗೊಂಬ್ವಾ ಸಾಹೇಬರ ಇಸ್ತ್ರಿ ಹಾಕಿದ ಅಂಗಿ ಕಂಡರೆ ಹೇಸಿಗೆ. ಕನ್ನಡಿ ನೋಡುವುದನ್ನಂತೂ ಬಿಟ್ಟೇ ಬಿಟ್ಟಿದ್ದೇನೆ.

ನಿನ್ನ ಚಿಕ್ಕಮ್ಮ ಫಾಲೆಸಿ ಮಲೇರಿಯಾದಿಂದ ಹೋದಳು ಎಂದು ಫೋನಿನಲ್ಲಿ ಹೇಳಿದ್ದೆ. ಸೇತುವೆ ಕೊಚ್ಚಿಹೋಗಿದ್ದರಿಂದ ನೀನು ಮಣ್ಣಿಗೂ ಬರಲಾಗಲಿಲ್ಲ, ಬ್ಲಾಂಟೈರ್‌ನಲ್ಲೇ ಕೂತು ಅತ್ತೆ. ನಾನು ಹೇಳಿದ್ದು ಸುಳ್ಳು. ಅವಳು ಸತ್ತಿದ್ದು ಕಾಲರಾದಿಂದ. ಫೋನಿನಲ್ಲಿ ಮಾತು ತಿರುಚುವುದು ನನಗೆ ತುಂಬ ಸುಲಭ, ಅದಕ್ಕೇ ಇದನ್ನು ಬರೆದು, ಈಗ ಮತ್ತೆ ಓಡುತ್ತಿರುವ ಮಿನಿಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ.

ಶನಿವಾರದ ಸಮಾರಂಭಕ್ಕೆ ಯಾವ ಬಣ್ಣದ ಚಿತೆಂಜೆ ಸೊಂಟಕ್ಕೆ ಸುತ್ತಿಕೊಳ್ಳಲಿ ಎಂದು ಕೇಳಿದ್ದೀಯ. ನಿನ್ನ ಚಿಕ್ಕಮ್ಮನ ಊರು ನಮಿಚೇರೆಗೆ ‘ಶುದ್ಧ ನೀರಿನ ಹಳ್ಳಿ’ ಎಂಬ ಫಲಕ ನೆಡುತ್ತಾರೆ, ಫಾಲೆಸಿಯ ಹೆಸರಿನ ಪ್ರಮಾಣಪತ್ರವನ್ನು ನಿನ್ನ ಕೈಗೆ ಕೊಡುತ್ತಾರೆ. ಆರೋಗ್ಯ ಕಚೇರಿಯ ಕೆಲಸಕ್ಕೆಂದು ನಾನು ಊರೂರು ಸುತ್ತುತ್ತಿದ್ದ ಏಳು ವರ್ಷ ನಿನ್ನನ್ನು ಸಾಕಿದವಳು ಅವಳು, ಹಾಗಾಗಿ ನಿನ್ನನ್ನು ಕರೆದದ್ದು ಸರಿಯೇ. ಆದರೆ ಬಟ್ಟೆ ಆರಿಸುವ ಮೊದಲು ಇದನ್ನು ಪೂರ್ತಿ ಓದು.

ಹೋದ ವರ್ಷ ಆ ಊರಿನ ಎಂಟು ಹೆಂಗಸರಿಗೆ ನಾನು ಮೂರು ದಿನ ತರಬೇತಿ ಕೊಟ್ಟೆನಲ್ಲ, ಪೇಟೆಯ ಹೋಟೆಲಿನ ಸಭಾಂಗಣದಲ್ಲಿ. ಅವರಿಗೆ ‘ನೀರು ಕಾಯುವವರು’ ಎಂದು ಹೆಸರಿಟ್ಟೆವು. ಊರಿನ ಕೊಳವೆ ಬಾವಿ ಉಪ್ಪು, ಅದರಲ್ಲಿ ಚಹಾ ಒಡೆಯುತ್ತದೆ, ಕಾಳು ಬೇಯುವುದಿಲ್ಲ. ಎಲ್ಲರೂ ಕುಡಿಯುವುದು ಶೀರೆ ನದಿಯ ನೀರನ್ನೇ. ಅದಕ್ಕೆ ಮನೆಯಲ್ಲಿ ಕ್ಲೋರಿನ್ ಹಾಕಬೇಕು. ಹಾಕಿದ್ದಾರೋ ಇಲ್ಲವೋ ಎಂದು ನೀರು ಕಾಯುವವರು ವಾರಕ್ಕೊಮ್ಮೆ ಮನೆಮನೆಗೆ ಹೋಗಿ ನೋಡಬೇಕು. ಸಣ್ಣ ಗಾಜಿನ ಕೊಳವೆಗೆ ನೀರು ತುಂಬಿ ಒಂದು ಗುಳಿಗೆ ಹಾಕುವುದು, ಗುಲಾಬಿ ಬಣ್ಣ ಬಂದರೆ ಕ್ಲೋರಿನ್ ಇದೆ, ಬರದಿದ್ದರೆ ಇಲ್ಲ. ಇದಿಷ್ಟನ್ನು ಮೂರು ದಿನ ಹೇಳಿಕೊಟ್ಟೆ. ಪ್ರತಿ ಮೇಜಿನ ಮೇಲೂ ಮುಚ್ಚಳ ಬಿಗಿದ ಬಾಟಲಿ ನೀರು, ಮಧ್ಯಾಹ್ನ ಕೋಳಿ, ಅನ್ನ. ನದಿ ನೀರು ಕುಡಿಯುವವರಿಗೆ ಬಾಟಲಿ ನೀರು ಗುಟುಕರಿಸುತ್ತಾ ಪಾಠ ಮಾಡಿದೆ, ನನಗೆ ಆಗ ಏನೂ ಅನ್ನಿಸಲಿಲ್ಲ.

ಫಾಲೆಸಿಗೆ ಅನ್ನಿಸಿತ್ತು. "ಅಕ್ಕಾ, ಈ ನಿನ್ನ ನೀರಿಗೂ ಒಂದು ಗುಳಿಗೆ ಹಾಕ್ಲಾ?" ಎಂದು ನನ್ನ ಬಾಟಲಿಯನ್ನೇ ಎತ್ತಿಕೊಂಡಳು. ಬಣ್ಣ ಬರಲಿಲ್ಲ. ಎಲ್ಲರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಕಾರ್ಖಾನೆಯಲ್ಲಿ ಬೇರೆ ಥರ ಶುದ್ಧ ಮಾಡುತ್ತಾರೆ ಎಂದು ನಾನು ಸಮಜಾಯಿಷಿ ಕೊಟ್ಟೆ. "ಹಂಗಾದ್ರೆ ಬಣ್ಣ ಬರ್ಬೇಕಾಗಿರೋದು ನಮ್ಮ ನೀರಿಗೆ ಮಾತ್ರ ಅನ್ನು" ಎಂದಳು. ತರಗತಿಗೆ ಮೊದಲನೆಯವಳಾಗಿ ಪಾಸಾದವಳೂ ಅವಳೇ.

ಆಮೇಲೆ ಒಂಬತ್ತು ತಿಂಗಳು ನಮಿಚೇರೆಯ ಪುಸ್ತಕದಲ್ಲಿ ಬರೀ ಗುಲಾಬಿ. ಫಾಲೆಸಿಯ ಪಾಲಿಗೆ ಇಪ್ಪತ್ಮೂರು ಮನೆ, ವಾರ ವಾರವೂ ಗುಲಾಬಿ. ಫಾಲೆಸಿಯ ದುಂಡು ಅಕ್ಷರವನ್ನು ಕಚೇರಿಗೆ ಬಂದವರಿಗೆಲ್ಲ ತೋರಿಸಿ ಮೆರೆದೆ. ಆ ಗುಲಾಬಿ ಹೇಗೆ ಬಂತು ಗೊತ್ತೇನು? ಅಂಗಳದಲ್ಲಿ ನಿಂತು ಚಪ್ಪಾಳೆ ತಟ್ಟಿ ಒಳಗೆ ಹೋಗುತ್ತಾಳೆ. ಚಾಪೆ ಹಾಸುತ್ತಾರೆ. ಚೀಲ, ಪುಸ್ತಕ ಹಿಡಿದು ಬಂದವಳು ನೆಂಟಳಲ್ಲದೆ ಮತ್ತೇನು? ಮನೆಯಾಕೆ ಮಂಡಿಯೂರಿ ತಗಡಿನ ಲೋಟದಲ್ಲಿ ನೀರು ಕೊಡುತ್ತಾಳೆ, ಎದುರು ಕೋಣೆಯ ನೆಂಟರ ಮಡಕೆಯಿಂದ. ಕ್ಲೋರಿನ್ ಬೀಳುವುದು ಆ ಮಡಕೆಗೆ ಮಾತ್ರ. ಫಾಲೆಸಿ ಅದರಲ್ಲಿ ಅರ್ಧ ಕುಡಿದು ಉಳಿದರ್ಧಕ್ಕೆ ಗುಳಿಗೆ ಹಾಕುತ್ತಾಳೆ. ಮನೆಯವರು, ಮಕ್ಕಳು ಕುಡಿಯುವ ಬಕೆಟ್ ಹಿತ್ತಿಲಲ್ಲಿ ಇರುತ್ತದೆ, ನದಿಯಿಂದ ಹೇಗೆ ಬಂತೋ ಹಾಗೆ. ಇದರಲ್ಲಿ ಯಾರೂ ಮೋಸ ಮಾಡಲಿಲ್ಲ ಮಗಳೇ. ಬಂದವರಿಗೆ ಒಳ್ಳೆಯದನ್ನು ಕೊಟ್ಟರು, ಅಷ್ಟೇ. ಹೀಗಾಗಿ ಒಂದು ಬಾಟಲಿ ಕ್ಲೋರಿನ್ ಎರಡು ತಿಂಗಳು ಬಂತು.

ನನಗೆ ಗೊತ್ತಿರಲಿಲ್ಲ ಎಂದುಕೊಳ್ಳಬೇಡ. ನಮ್ಮ ಮನೆಯಲ್ಲೂ ಅಂಥ ಮಡಕೆ ಇದೆಯಲ್ಲ, ನೀನೇ ಹೆಣೆದ ಬಿಳಿ ಕ್ರೋಶಾ ಬಟ್ಟೆ ಮುಚ್ಚಿ ಎದುರು ಕೋಣೆಯಲ್ಲಿಟ್ಟಿದ್ದು. ಎಲ್ಲ ಗೊತ್ತಿದ್ದೂ ಫಾಲೆಸಿಯ ಪುಸ್ತಕಕ್ಕೆ ಸಹಿ ಹಾಕಿದೆ.

ಜನವರಿಯಲ್ಲಿ ನದಿ ಉಕ್ಕಿತು. ಕಕ್ಕಸು ಗುಂಡಿಗಳೆಲ್ಲ ತುಂಬಿ ನದಿಗೆ ಹರಿದವು. ಪೇಟೆಯ ನಲ್ಲಿಗಳೂ ನಿಂತವು. ಕ್ಲೋರಿನ್ ಡ್ರಮ್ಮುಗಳು ಬಂದಾಗ ಗೊಂಬ್ವಾ ಸಾಹೇಬರು ಪಟ್ಟಿ ನೋಡಿ, "ನಮಿಚೇರೆಗೆ ಬೇಡಾರೀ, ಅದು ಗುಲಾಬಿ ಊರು" ಎಂದು ನಕ್ಕು ಬೇರೆ ಹಳ್ಳಿಗಳಿಗೆ ಕಳಿಸಿಬಿಟ್ಟರು. ಅವರ ಜೊತೆ ನಾನೂ ನಕ್ಕೆ.

ಅಲ್ಲಿ ಮಕ್ಕಳಿಗೆ ಭೇದಿ ಶುರುವಾಗಿತ್ತು. ಫಾಲೆಸಿಗೆ ತಡೆಯಲಾಗಲಿಲ್ಲ. ಮೆಲಿಸೆ ಗೊತ್ತಲ್ಲ, ಅವಳ ಪಕ್ಕದ ಮನೆಯವಳು, ದಿನಾ ಒಟ್ಟಿಗೆ ಜೋಳ ಕುಟ್ಟುತ್ತಿದ್ದರು. ಅವಳ ಹಿತ್ತಿಲಿಗೆ ನೇರ ಹೋಗಿ ಬಕೆಟ್ಟಿಗೇ ಕೊಳವೆ ಅದ್ದಿದಳು. ಬಣ್ಣ ಬರಲಿಲ್ಲ. ಮೆಲಿಸೆ ನೋಡಿಬಿಟ್ಟಳು. "ಎದುರು ಕೋಣೆ ಮಡಕೆ ನೀರು ಕೊಟ್ಟೆ, ಕುಡಿದೆ. ಈಗ ಕಳ್ಳಿ ಥರ ಹಿತ್ತಲಿಗ್ಯಾಕೆ ಬಂದೆ? ನಮ್ಮ ನೀರು ಕಂಡ್ರೆ ಹೇಸಿಗೆನಾ? ಅಕ್ಕ ಪೇಟೇಲಿ ಇದ್ದಾಳೆ ಅಂತ ಕೊಂಬು ಬಂತಾ ನಿಂಗೆ?" ಎಂದು ಊರಿಗೆಲ್ಲ ಕೇಳುವ ಹಾಗೆ ಬೈದಳು. ಫಾಲೆಸಿ ನಿಲ್ಲಿಸಲಿಲ್ಲ. ಇಪ್ಪತ್ಮೂರು ಮನೆಯ ಹಿತ್ತಿಲನ್ನೂ ಹೊಕ್ಕಳು. ಇಪ್ಪತ್ತೊಂದರಲ್ಲಿ ಬಣ್ಣವೇ ಇಲ್ಲ. ನೀಲಿ ರಟ್ಟಿನ ಶಾಲೆ ನೋಟ್‌ಬುಕ್ ಒಂದರಲ್ಲಿ ಎಲ್ಲ ಬರೆದಳು. ವಾರ ಕಳೆಯುವಷ್ಟರಲ್ಲಿ ನದಿಯ ಹತ್ತಿರ ಅವಳು ಬಂದರೆ ಹೆಂಗಸರು ಬಿಂದಿಗೆ ಎತ್ತಿಕೊಂಡು ದೂರ ಸರಿಯುತ್ತಿದ್ದರು. ಅವಳು ಒಬ್ಬಳೇ ಜೋಳ ಕುಟ್ಟುತ್ತಿದ್ದಳಂತೆ.

ಜನವರಿ ಇಪ್ಪತ್ತೆಂಟರ ಶನಿವಾರ ಆ ನೋಟ್‌ಬುಕ್ ಹಿಡಿದು ಮೂರು ತಾಸು ಬಿಸಿಲಲ್ಲಿ ನಡೆದು ನನ್ನ ಮನೆಗೆ ಬಂದಳು. ನಾನು ಹೊರಗೆ ಮೀನು ಹುರಿಯುತ್ತಿದ್ದೆ. ಬಂದವಳೇ ಅಡುಗೆಮನೆಗೆ ಹೋಗಿ ನೀರು ಕುಡಿದು, ಸ್ವಲ್ಪ ಹೊತ್ತು ಅಲ್ಲೇ ಇದ್ದು, ನನ್ನ ಹತ್ತಿರ ಬಂದು ಕೂತಳು.

"ಇದನ್ನ ಸಾಹೇಬರಿಗೆ ಕೊಡಕ್ಕಾ. ನೋಡಿದ್ರೆ ಕ್ಲೋರಿನ್ ಕಳಿಸ್ತಾರೆ" ಎಂದಳು. ಹಾಗಾದರೆ ಹಿಂದಿನ ಒಂಬತ್ತು ತಿಂಗಳ ಪುಸ್ತಕ ಏನು ಎಂದು ಕೇಳುತ್ತಾರೆ, ಮೊದಲು ನಿನ್ನನ್ನು, ಆಮೇಲೆ ನನ್ನನ್ನು, ಎಂದೆ. "ಕೇಳ್ಲಿ ಬಿಡು. ನಾವು ನೆಂಟರಾಗಿದ್ವಿ ಅಂತ ಹೇಳೋಣ" ಎಂದಳು. ನನಗೆ ಸಿಟ್ಟು ಬಂತು. ಇನ್ನು ನಾಲ್ಕು ವಾರಕ್ಕೆ ಸಮಾರಂಭ, ಆಮೇಲೆ ನನಗೆ ಬಡ್ತಿ. ಅವಳಿಗೆ ಹೇಳಿದ್ದನ್ನು ಇದ್ದಹಾಗೇ ಬರೆಯುತ್ತೇನೆ, ನಿನಗೂ ತಿಳಿಯಲಿ: "ವಾಪಸ್ ಹೋಗಿ ಮೊದಲಿನ ಪುಸ್ತಕದಲ್ಲೇ ಗುಲಾಬಿ ಅಂತ ಬರಿ. ಮೆಲಿಸೆ ಜೊತೆ ರಾಜಿ ಮಾಡ್ಕೋ. ಅವಳ ಹಿತ್ತಿಲ ಬಕೆಟ್ಟಿಂದಾನೇ ಒಂದು ಲೋಟ ಕುಡಿ, ಹೇಸಿಗೆ ಇಲ್ಲ ಅಂತ ತೋರ್ಸು."

"ನೀನಾಗಿದ್ರೆ ಕುಡೀತಿದ್ಯಾ?" ಎಂದು ಕೇಳಿದಳು. ಕುಡಿಯುತ್ತಿದ್ದೆ ಎಂದೆ. ಹಳ್ಳಿಗೆ ಹೋದಾಗಲೆಲ್ಲ ನನ್ನ ಚೀಲದಲ್ಲಿ ಬಾಟಲಿ ನೀರು ಇರುತ್ತದೆ ಎಂದು ಅವಳಿಗೆ ಗೊತ್ತಿತ್ತು. ನೋಟ್‌ಬುಕ್ ನನ್ನ ಹತ್ತಿರವೇ ಬಿಟ್ಟಳು. ಹೊರಡುವಾಗ ನಾನೇ ಅಡುಗೆಮನೆಯಿಂದ ಇನ್ನೊಂದು ಲೋಟ ನೀರು ತಂದು ಕೊಟ್ಟೆ. ಅದನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದಳು. ನನ್ನ ಮುಖ ನೋಡಿದಳು. ಆಮೇಲೆ ಕುಡಿದು ಲೋಟ ಬೋರಲು ಹಾಕಿ ಹೋದಳು.

ಸೋಮವಾರ ನಡೆದದ್ದನ್ನು ಮೆಲಿಸೆಯೇ ನನಗೆ ಹೇಳಿದ್ದು. ಫಾಲೆಸಿ ಅವಳ ಹಿತ್ತಿಲಿಗೆ ಹೋಗಿ ನೆಲದ ಮೇಲೆ ಕೂತು, "ಕೊಡೇ ನಿನ್ನ ಬಕೆಟ್ ನೀರು" ಎಂದು ಕೇಳಿ ಕುಡಿದಳಂತೆ. "ಈಗ ತೃಪ್ತಿನಾ ಮಹಾರಾಣಿಗೆ?" ಎಂದು ಮೆಲಿಸೆಯನ್ನು ಛೇಡಿಸಿದಳಂತೆ. ಇಬ್ಬರೂ ನಕ್ಕರು. ಮೆಲಿಸೆ ಅವಳಿಗೆ ತಲೆ ಬಾಚಿ ಜಡೆ ಹೆಣೆದಳು.

ಮಂಗಳವಾರ ಬೆಳಿಗ್ಗೆ ಫಾಲೆಸಿ ಹಾಸಿಗೆ ಹಿಡಿದಳು. ಸುದ್ದಿ ತಿಳಿದು ಬುಧವಾರ ನಾನು ಸೈಕಲ್ ಟ್ಯಾಕ್ಸಿ ಹಿಡಿದು ಹೋದೆ. ಚಾಪೆಯ ಮೇಲೆ, ನೆಲದ ಮೇಲೆ ಭೇದಿ ಅಕ್ಕಿ ತೊಳೆದ ನೀರಿನ ಥರ ಹರಿದಿತ್ತು. ಕಣ್ಣು ಗುಳಿಬಿದ್ದಿತ್ತು, ಬೆರಳು ಸುಕ್ಕುಗಟ್ಟಿತ್ತು. ಇದೇನು ಎಂದು ಹೇಳಲು ನನಗೆ ಯಾವ ಗುಳಿಗೆಯೂ ಬೇಕಿರಲಿಲ್ಲ. ಮಧ್ಯಾಹ್ನಕ್ಕೆ ಹೋಗಿಬಿಟ್ಟಳು.

ಸಾಹೇಬರಿಗೆ ಫೋನ್ ಮಾಡಿದೆ. "ಶುದ್ಧ ನೀರಿನ ಹಳ್ಳೀಲಿ ಕಾಲರಾ ಹೇಗ್ರೀ ಬರುತ್ತೆ? ಮಳೆಗಾಲ, ಮಲೇರಿಯಾ ಅಂತ ಬರೀರಿ" ಎಂದರು. ಸಾವಿನ ವರದಿಯಲ್ಲಿ ನಾನೇ ಬರೆದೆ, ನನ್ನ ಕೈಯಾರೆ, ನನ್ನ ಒಡಹುಟ್ಟಿದವಳ ಹೆಸರಿನ ಮುಂದೆ. ಕಾಲರಾ ಎಂದಿದ್ದರೆ ಹೆಣವನ್ನು ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಮಲೇರಿಯಾ ಎಂದದ್ದಕ್ಕೆ ಊರಿನ ಹೆಂಗಸರು ಸೇರಿ ಅವಳ ಮೈ ತೊಳೆದರು. ತೊಳೆಯುವ ನೀರಿಗೆ ಒಂದು ಬಾಟಲಿ ಕ್ಲೋರಿನ್ ಸುರಿದೆ, ವಾಸನೆಗೆ ಅವರು ಮೂಗು ಮುಚ್ಚಿಕೊಂಡಾಗ ಆಸ್ಪತ್ರೆ ಔಷಧಿ ಎಂದೆ. ಅಷ್ಟು ಮಾತ್ರ ನನ್ನ ಧೈರ್ಯ. ಆಮೇಲೆ ಎಲ್ಲರೂ ಸಾವಿನ ಮನೆಯ ನ್ಸೀಮಾ ಮುದ್ದೆ ಉಂಡರು, ನಾನು ಬಾಯಿ ಬಿಡಲಿಲ್ಲ.

ಈಗ ಆ ಊರಿನ ಮೂವರು ಪೇಟೆ ಆಸ್ಪತ್ರೆಯ ಹಿಂದಿನ ಕಾಲರಾ ಟೆಂಟಿನಲ್ಲಿದ್ದಾರೆ. ಅವರಲ್ಲಿ ಮೆಲಿಸೆ ಒಬ್ಬಳು. ಬದುಕುತ್ತಾಳೆ. ನಿನ್ನೆ ನೋಡಲು ಹೋಗಿದ್ದೆ. ಅವಳ ಮಂಚದ ಕೆಳಗೂ ಬಕೆಟ್, ಪಕ್ಕದಲ್ಲೂ ಬಕೆಟ್. ನನ್ನ ಕೈ ಹಿಡಿದು ಕೇಳಿದಳು: "ಅಕ್ಕಾ, ನಿಜ ಹೇಳಿ. ಫಾಲೆಸಿ ಸತ್ತಿದ್ದು ನನ್ನ ನೀರು ಕುಡಿದಾ?" ಟೆಂಟಿನಲ್ಲಿ ಮಲಗಿದವಳಿಗೆ ಮಲೇರಿಯಾ ಕಥೆ ಹೇಳಲು ಬರುತ್ತದೆಯೇ? ನಾನು ಅವಳ ಹೊದಿಕೆ ಸರಿಮಾಡಿದೆ. ಅವಳು ಆ ಕಡೆಗೆ ಮುಖ ತಿರುಗಿಸಿಕೊಂಡಳು.

ಅದಕ್ಕೇ ತೀರ್ಮಾನ ಮಾಡಿದ್ದೇನೆ. ಶನಿವಾರ ಫಲಕ ನೆಡುವ ಮೊದಲು ಎದ್ದು ನಿಂತು ಆ ನೀಲಿ ನೋಟ್‌ಬುಕ್ಕನ್ನು ಎಲ್ಲರೆದುರು ಓದುತ್ತೇನೆ. ಮಲೇರಿಯಾ ಎಂದು ಬರೆದದ್ದು ಯಾರೆಂದೂ ಹೇಳುತ್ತೇನೆ. ಕೆಲಸ ಹೋಗುತ್ತದೆ, ಹೋಗಲಿ. ಇಪ್ಪತ್ತೊಂದು ಮನೆಗಳವರು ನನ್ನನ್ನು ಶಪಿಸುತ್ತಾರೆ, ಅದೂ ಆಗಲಿ. ಇವತ್ತಿಗೂ ಅವರ ಮಕ್ಕಳು ಕುಡಿಯುತ್ತಿರುವುದು ಅದೇ ನೀರು, ಪಟ್ಟಿಯಲ್ಲಿ ಇವತ್ತಿಗೂ ಅದು ಗುಲಾಬಿ ಊರು. ನೀನು ಹೊಸ ಚಿತೆಂಜೆ ಉಡಬೇಡ. ಅಲ್ಲಿನ ಅಂಗಡಿಗಳಲ್ಲಿ ಎಷ್ಟು ಬಾಟಲಿ ಕ್ಲೋರಿನ್ ಸಿಗುತ್ತದೋ ಅಷ್ಟನ್ನೂ ಹೊತ್ತು ತಾ.

ನಿನ್ನ ಚಿಕ್ಕಮ್ಮನನ್ನು ನಿನ್ನಿಂದ ಕಿತ್ತುಕೊಂಡವಳು,
ನಿನ್ನ ಅಮ್ಮ
ಎನಿಫಾ

‘ಒಂದು ಮಾತು ಮರೆತಿದ್ದೆ’ ಎಂದು ಬರೆಯಲು ಹೊರಟಿದ್ದೆ, ಅದೂ ಸುಳ್ಳೇ. ನೋಟ್‌ಬುಕ್ ಓದುತ್ತೇನೆ ಎಂದೆನಲ್ಲ, ಅದರ ಕೊನೆಯ ಹಾಳೆಯನ್ನು ನಾನು ಹರಿದಿಟ್ಟುಕೊಂಡಿದ್ದೆ. ಮಣ್ಣಾದ ಮೇಲೇ ಅದನ್ನು ಕಂಡಿದ್ದು. ಈ ಲಕೋಟೆಯಲ್ಲೇ ಇದೆ, ನನ್ನ ಹತ್ತಿರ ಇದ್ದರೆ ಒಲೆಗೆ ಹಾಕಿಬಿಡುತ್ತೇನೆ ಎಂಬ ಭಯಕ್ಕೆ ನಿನಗೆ ಕಳಿಸುತ್ತಿದ್ದೇನೆ. ಆ ಶನಿವಾರದ ತಾರೀಕು, ಅವಳ ದುಂಡು ಅಕ್ಷರ: ‘ಅಕ್ಕನ ಮನೆ. ಅಡುಗೆಮನೆ ಬಕೆಟ್. ಬಣ್ಣ ಇಲ್ಲ. ಅಕ್ಕನಿಗೆ ಹೇಳಲಿಲ್ಲ.’ ನಲ್ಲಿ ನಿಂತ ಮೇಲೆ ನಾನೂ ನದಿ ನೀರನ್ನೇ ತರಿಸಿಕೊಳ್ಳುತ್ತಿದ್ದೆ. ಕ್ಲೋರಿನ್ ಹಾಕಿದ್ದು ನಿನ್ನ ಕ್ರೋಶಾ ಬಟ್ಟೆ ಮುಚ್ಚಿದ ಮಡಕೆಗೆ ಮಾತ್ರ, ಅದರಿಂದ ಅವಳಿಗೆ ಕೊಡಬೇಕು ಎಂದು ನನಗೆ ಹೊಳೆಯಲೇ ಇಲ್ಲ, ಅವಳು ಮನೆಯವಳಲ್ಲವೇ. ಅವಳನ್ನು ಕೊಂದದ್ದು ನನ್ನ ನೀರೋ ಮೆಲಿಸೆಯ ನೀರೋ, ಇನ್ನು ಯಾರೂ ಹೇಳಲಾರರು. ಶುಕ್ರವಾರವೇ ಬಂದುಬಿಡು. ಮೊದಲು ಆ ಟೆಂಟಿಗೆ ಹೋಗಿ ಈ ಹಾಳೆಯನ್ನು ಮೆಲಿಸೆಗೆ ಓದಿ ಹೇಳು, ಆಮೇಲೆ ಮನೆಗೆ ಬಾ.