ಹಗೇವಿಗೆ ಇಳಿಸಿದ ದೀಪ

ಅಂತರಸಂತೆ
೧೨–೩–೨೦೦೩

ರಮ್ಯಾಳ ಅಪ್ಪನವರಿಗೆ ರೂಪಶ್ರೀಯ ನಮಸ್ಕಾರ.

ಇಲ್ಲಿ ನಾವೆಲ್ಲ ಕ್ಷೇಮ. ನಿಮ್ಮ ಪತ್ರ ಓದಿದ ಮೇಲೂ ಕ್ಷೇಮವಾಗಿಯೇ ಇದ್ದೇವೆ.

ಯುಗಾದಿಯೊಳಗೆ ಸೋಲಾರ್ ದೀಪದ ಅಂಗಡಿ ಮುಚ್ಚಿ, ನಿಮ್ಮ ಅಣುಸ್ಥಾವರದ ಕ್ವಾರ್ಟರ್ಸಿಗೆ ಬರಬೇಕು, ಇಲ್ಲದಿದ್ದರೆ ನಿನ್ನ ದಾರಿ ನಿನಗೆ ಎಂದು ಬರೆದಿದ್ದೀರಿ. ಬರುವುದಿಲ್ಲ. ಮುಚ್ಚುವುದೂ ಇಲ್ಲ. ಸಂತೆಯ ಸಂಜೆ ಕರೆಂಟು ಹೋದರೆ ವ್ಯಾಪಾರಿಗಳು ಬಾಡಿಗೆ ದೀಪ ಕೇಳಿಕೊಂಡು ನನ್ನ ಬಾಗಿಲಿಗೇ ಬರುತ್ತಾರೆ.

ಬಿಸಿಲನ್ನು ಕೂಡಿಡಲಾಗದು, ನಮ್ಮದು ಆರದ ದೀಪ, ಯೂನಿಟ್ಟೂ ಅಗ್ಗ ಎಂದು ಲೆಕ್ಕ ಕಳಿಸಿದ್ದೀರಿ. ನನ್ನ ಯೂನಿಟ್ಟು ದುಬಾರಿ, ಒಪ್ಪಿದೆ. ಬ್ಯಾಟರಿ ಎರಡು ಮೂರು ವರ್ಷಕ್ಕೇ ಕೈಕೊಡುತ್ತದೆ, ಅದನ್ನೂ ಒಪ್ಪಿದೆ. ಆದರೆ ಕೂಡಿಡುವುದನ್ನು ನಮಗೆ ಹೇಳಿಕೊಡಬೇಡಿ. ಸುಗ್ಗಿ ವರ್ಷಕ್ಕೊಮ್ಮೆ, ಹಸಿವು ದಿನಾ. ಅದಕ್ಕೇ ಅಲ್ಲವೇ ಹಿರಿಯರು ನೆಲ ತೋಡಿ ರಾಗಿ ತುಂಬಲು ಹಗೇವು ಮಾಡಿದ್ದು? ಬ್ಯಾಟರಿ ನನ್ನ ಹಗೇವು. ಇವತ್ತು ಚಿಕ್ಕದು, ನಾಳೆ ದೊಡ್ಡದಾದೀತು, ಅಗ್ಗವೂ ಆದೀತು.

ನಿಮ್ಮಲ್ಲೂ ಒಂದು ಹಗೇವಿದೆ. ಅಣು ಇಂಧನ ಉರಿದು ಉಳಿದದ್ದನ್ನು ಹೂತಿಟ್ಟು, ಮೊಮ್ಮಕ್ಕಳ ಮೊಮ್ಮಕ್ಕಳೂ ಅದರ ಬಾಯಿ ತೆರೆಯದಂತೆ ಕಾಯಬೇಕೆಂದು ನೀವೇ ಹೇಳಿದ್ದಿರಿ. ಆ ಕಾವಲುಗಾರನ ಸಂಬಳ ನಿಮ್ಮ ಯೂನಿಟ್ಟಿನಲ್ಲಿ ಸೇರಿದೆಯೇ? ಸ್ಥಾವರ ಕಟ್ಟಿ ಮುಗಿಸುವುದು ತಡವಾದಷ್ಟೂ ಬೆಳೆಯುವ ಸಾಲದ ಬಡ್ಡಿ? ಇದನ್ನು ಅತ್ತೆಗೆ ಓದಿ ಹೇಳಿದೆ. “ತಗ್ಯಕಾಗ್ದಿರೋ ಅಗೇವ್ನ ಯಾವನಾರ ತೋಡುಸ್ತಾನಾ?” ಎಂದರು. ಕೇಳಿದ್ದು ನಿಮ್ಮ ತಾಯಿ, ನಾನಲ್ಲ.

ನಿಮ್ಮನ್ನು ನೋಡಬೇಕೆಂದು ತುಂಬಾ ಅನ್ನಿಸುತ್ತದೆ. ಅದಕ್ಕಾಗಿ ಅಂಗಡಿ ಮುಚ್ಚಲಾರೆ. ಯುಗಾದಿಗೆ ನೀವೇ ಬನ್ನಿ.

ಇಲ್ಲಿಯೇ ಇರುವ,
ನಿಮ್ಮ ರೂಪಶ್ರೀ

ಮರೆತದ್ದಲ್ಲ, ನಾಚಿಕೆಯಿಂದ ಕೊನೆಗೆ ಉಳಿಸಿಕೊಂಡದ್ದು: ಮೊನ್ನೆ ಹಳೆಯ ರಾಗಿ ತೆಗೆಯಲು ನಮ್ಮ ಹಗೇವಿನ ಬಾಯಿ ತೆಗೆದೆವು. ಒಳಗೆ ಗಾಳಿ ಕೆಟ್ಟಿದೆಯೋ ಎಂದು ನೋಡಲು ಎಣ್ಣೆದೀಪ ಇಳಿಸುತ್ತಾರಲ್ಲ, ನಾನು ಜಂಬದಿಂದ ನನ್ನ ಸೋಲಾರ್ ದೀಪ ಇಳಿಸಿದೆ. ಚೆನ್ನಾಗಿಯೇ ಉರಿಯಿತು. ಕೆಲಸಕ್ಕೆ ಬಂದಿದ್ದ ಚಿಕ್ಕಮಾದು ಒಳಗೆ ಕಾಲು ಇಟ್ಟೇಬಿಟ್ಟಿದ್ದ. ಅತ್ತೆ ಅವನ ಅಂಗಿ ಹಿಡಿದೆಳೆದು, “ಅದು ಉಸ್ರಾಡೋ ದೀಪ ಅಲ್ಲ ಕಣ್ಲಾ, ತಡಿ” ಎಂದು ಎಣ್ಣೆದೀಪ ಇಳಿಸಿದರು. ಅರ್ಧಕ್ಕೇ ಆರಿಹೋಯಿತು. ಚಿಕ್ಕಮಾದು ಇಳಿದಿದ್ದರೆ ಅವನ ಉಸಿರೂ ಅಲ್ಲಿಗೇ.

ಈಗ ದೀಪ ಒಯ್ಯುವವರಿಗೆಲ್ಲ, ಇದು ಗಾಳಿ ಕೆಟ್ಟರೂ ಆರುವುದಿಲ್ಲ, ಹಗೇವಿಗೆ ಮಾತ್ರ ಇದನ್ನು ನಂಬಬೇಡಿ ಎಂದು ಹೇಳಿಯೇ ಕೊಡುತ್ತೇನೆ. ನಿಮ್ಮ ಆರದ ದೀಪವನ್ನು ನೀವು ಏನು ಹೇಳಿ ಕೊಡುತ್ತೀರಿ?