ಖಾಲಿ ಬಂದ ನೀಲಿ ಪಾತ್ರೆ

ಬಟರ್‌ನಟ್ ಹಳ್ಳ, ವೆಸ್ಟ್ ವರ್ಜೀನಿಯಾ
ಮೇ 19, ಭಾನುವಾರ, ಚರ್ಚಿನಿಂದ ಬಂದ ಮೇಲೆ

ನನ್ನ ಮುದ್ದು ತಂಗಿ ಜೀನೀ,

ನಿನ್ನ ಮಂಡಿನೋವು ಹೇಗಿದೆ? ಒಹಾಯೊದಲ್ಲಿ ಇನ್ನೂ ಚಳಿ ಬಿಟ್ಟಿಲ್ಲವಂತೆ, ರೇಡಿಯೊದಲ್ಲಿ ಹೇಳಿದರು. ಡಾಕ್ಟರು ಕೊಟ್ಟ ಪಟ್ಟಿ ಕಟ್ಟಿಕೊಳ್ಳುತ್ತಿದ್ದೀಯೋ, ಇಲ್ಲ ಎಂದಿನಂತೆ ಡ್ರಾಯರಿನಲ್ಲಿಟ್ಟು ಮರೆತಿದ್ದೀಯೋ? ಈ ವಾರ ಹನ್ನೊಂದು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಕಾಗದವನ್ನಾದರೂ ಓದುತ್ತೀಯೆಂಬ ಆಸೆಯಿಂದ ಬರೆಯುತ್ತಿದ್ದೇನೆ. ಹರಿದು ಹಾಕುವುದಿದ್ದರೆ ಕಡೆಯ ಸಾಲಿನ ತನಕ ಓದಿ ಆಮೇಲೆ ಹರಿ.

ಗುರುವಾರ ಲೊವೆಲ್ ಬಂದಿದ್ದ. ನಿನ್ನ ಮಗ ಎಂದು ಬರೆಯಲೋ ನಮ್ಮ ಹುಡುಗ ಎಂದು ಬರೆಯಲೋ ತಿಳಿಯದೆ ಪೆನ್ನು ಹಿಡಿದು ಕೂತೆ. ನೀನು ಟೈರ್ ಕಾರ್ಖಾನೆಯ ಕೆಲಸಕ್ಕೆ ಹೋದಾಗ ಅವನಿಗೆ ಆರು ವರ್ಷ. ಹದಿನಾಲ್ಕು ತುಂಬುವ ತನಕ ನನ್ನ ಮನೆಯಲ್ಲೇ ಉಂಡ, ನನ್ನ ಕೈಯಲ್ಲೇ ಏಟು ತಿಂದ. ಈಗ ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ನನ್ನ ನೀಲಿ ಪಾತ್ರೆ. ಈಸ್ಟರಿಗೆ ಒಣಸೇಬಿನ ಕೇಕು ತುಂಬಿಸಿ ನಿನಗೆ ಕಳಿಸಿದ್ದೆನಲ್ಲ, ಅದೇ. ತಳದಲ್ಲಿ ನನ್ನ ಹೆಸರಿನ ಚೀಟಿ ಹಾಗೇ ಇತ್ತು. ಒಳಗೆ ಏನೂ ಇರಲಿಲ್ಲ. ತೊಳೆದು, ಒರೆಸಿ, ಖಾಲಿ ಕಳಿಸಿದ್ದೆ ನೀನು. ಗಣಿಯಲ್ಲಿ ಮುಷ್ಕರ ನಡೆದ ಚಳಿಗಾಲದಲ್ಲಿ, ನಮಗೇ ಊಟಕ್ಕಿಲ್ಲದಾಗ, ಪಕ್ಕದ ಮನೆಯ ಪಾತ್ರೆಗೆ ಅಮ್ಮ ಒಂದೇ ಒಂದು ಈರುಳ್ಳಿ ಹಾಕಿ ಕಳಿಸಿದ್ದು ನೆನಪಿದೆಯಾ? “ಖಾಲಿ ಪಾತ್ರೆ ವಾಪಸ್ ಕೊಡೋದೂ ಒಂದೇ, ಮುಖದ ಮೇಲೆ ಬಾಗಿಲು ಹಾಕೋದೂ ಒಂದೇ” ಅನ್ನುತ್ತಿದ್ದಳು. ಅರವತ್ತು ವರ್ಷಗಳಲ್ಲಿ ನಮ್ಮಿಬ್ಬರ ನಡುವೆ ಪಾತ್ರೆ ಖಾಲಿ ಓಡಾಡಿದ್ದು ಇದೇ ಮೊದಲು. ಅವನು ಹೋದ ಮೇಲೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಅತ್ತೆ ಕಣೆ.

ನಿನ್ನ ಸಿಟ್ಟು ನನಗೆ ಅರ್ಥವಾಗುತ್ತದೆ. ಅಧ್ಯಕ್ಷರು ನಿನ್ನ ಮಗನ ಹೆಸರನ್ನು ದೊಡ್ಡ ಕೋರ್ಟಿಗೆ ಸೂಚಿಸಿದ್ದಾರೆ, ಊರೆಲ್ಲ ಹೆಮ್ಮೆ ಪಡುವ ಹೊತ್ತಿನಲ್ಲಿ ಸ್ವಂತ ದೊಡ್ಡಮ್ಮನೇ ಸೆನೆಟಿನ ಸಮಿತಿಗೆ ‘ಇವನಿಗೆ ಆ ಕುರ್ಚಿ ಕೊಡಬೇಡಿ’ ಎಂದು ಬರೆದರೆ ಯಾವ ತಾಯಿ ಸಹಿಸುತ್ತಾಳೆ? ನದಿ ಉಳಿಸುವ ಸಂಘದ ಹೆಂಗಸರು ನನ್ನ ತಲೆ ಕೆಡಿಸಿದರು ಅಂದೆಯಂತೆ. ಇಲ್ಲ. ಅವರು ಟೈಪು ಮಾಡಿದ ಕಾಗದ ತಂದಿದ್ದರು, ಸಹಿ ಹಾಕಿದರೆ ಸಾಕು ಅಂದರು. “ನನಗೂ ಕೈಯಿದೆ, ನಾನೇ ಬರೀತೀನಿ, ನೀವು ಕಾಫಿ ಕುಡಿದು ಹೊರಡಿ” ಅಂದೆ. ಒಂದೊಂದು ಅಕ್ಷರವೂ ನನ್ನದೇ.

ಅವನು ನಮ್ಮ ಕೌಂಟಿಯ ಜಡ್ಜ್ ಚುನಾವಣೆಗೆ ನಿಂತಾಗ ಮನೆಮನೆಗೆ ಹೋಗಿ ಮತ ಕೇಳಿದವಳೂ ನಾನೇ. “ನಮ್ಮ ಹುಡುಗ, ಈ ಹಳ್ಳದ ನೀರು ಕುಡಿದು ಬೆಳೆದೋನು” ಎಂದು ಹೇಳಿ ಹೇಳಿ ಗಂಟಲು ಕಟ್ಟಿತ್ತು. ಆಮೇಲೆ ಕಂಪನಿಯವರು ಕಲ್ಲಿದ್ದಲು ತೊಳೆದ ಕಪ್ಪು ರಾಡಿಯನ್ನು ಬೆಟ್ಟದ ಹಳೇ ಗಣಿಯೊಳಕ್ಕೆ ತುಂಬತೊಡಗಿದರು. ನನ್ನ ಗಂಡ ಆರ್ಲನ್‌ನ ಬಿಳಿ ಅಂಗಿಗಳು ಒಗೆದಷ್ಟೂ ಕಿತ್ತಳೆ ಬಣ್ಣಕ್ಕೆ ತಿರುಗಿದವು, ನಲ್ಲಿ ಬಿಟ್ಟರೆ ಬಾವಿ ನೀರಿಗೆ ಕೊಳೆತ ಮೊಟ್ಟೆಯ ವಾಸನೆ. ಹಳ್ಳದ ಹದಿನೇಳು ಮನೆಯವರು ಕೇಸು ಹಾಕಿದರು. ಹದಿನೆಂಟನೆಯದು ನಮ್ಮದಾಗಬೇಕಿತ್ತು. ನಾವು ಸೇರಲಿಲ್ಲ. ನಿನಗೆ ಇದನ್ನು ಯಾವತ್ತೂ ಹೇಳಿರಲಿಲ್ಲ. ದೊಡ್ಡಮ್ಮನ ಹೆಸರು ಇದ್ದರೆ ಲೊವೆಲ್ ಆ ಕೇಸು ಕೇಳುವ ಹಾಗಿಲ್ಲ, ಬೇರೆ ಜಡ್ಜ್ ಬರುತ್ತಾನೆ ಎಂದು ವಕೀಲರು ಅಂದರು. ಅಕ್ಕಪಕ್ಕದವರೇ ಬಂದು “ನೀವು ಹೊರಗಿರಿ, ಡೆಲ್ಫಿಯಾ. ಕೇಸು ನಮ್ಮ ಹುಡುಗನ ಕೈಗೇ ಹೋಗ್ಲಿ” ಎಂದರು. ನಾವೂ ಜಾಣರ ಹಾಗೆ ತಲೆಯಾಡಿಸಿದೆವು. ನಮ್ಮ ಜಾಣತನಕ್ಕೆ ಬೆಂಕಿ ಬೀಳಲಿ.

ರಾಡಿ ಬಾವಿಗಳಿಗೆ ಇಳಿದದ್ದಕ್ಕೆ ಪುರಾವೆ ಸಾಲದು ಎಂದು ಅವನು ಕೇಸನ್ನೇ ತಳ್ಳಿಹಾಕಿದ. ಆಚೆ ಕಣಿವೆಯವರ ಎರಡು ಕೇಸುಗಳದ್ದೂ ಇದೇ ಗತಿಯಾಯಿತು. ಮರುವರ್ಷ ಆರ್ಲನ್‌ನ ಮೂತ್ರಪಿಂಡ ಕೆಟ್ಟಿತು. ನೀರಿನಿಂದಲೇ ಎಂದು ನಾನು ಹೇಳಲಾರೆ, ಡಾಕ್ಟರೂ ಹೇಳಲಿಲ್ಲ. ಹಾಸಿಗೆಯಲ್ಲಿದ್ದಾಗಲೂ ಅವನು ಲೊವೆಲ್ ಮೇಲೆ ಒಂದು ಮಾತು ಆಡಗೊಡಲಿಲ್ಲ. “ಹುಡುಗನಿಗೆ ಕಾನೂನು ಗೊತ್ತು, ಬಿಡೇ” ಅನ್ನುತ್ತಿದ್ದ. ಚುನಾವಣೆಯಲ್ಲಿ ಗೆದ್ದವನನ್ನು ಇನ್ನೊಂದು ಚುನಾವಣೆಯಲ್ಲಿ ಇಳಿಸಬಹುದು. ಈಗ ಕೊಡಹೊರಟಿರುವ ಕುರ್ಚಿ ಸಾಯುವ ತನಕ ಅವನದೇ. ಹಾಗಾಗಿ ಬರೆದೆ.

ಗುರುವಾರ ಬಂದವನು ಆರ್ಲನ್‌ನ ಕುರ್ಚಿಯಲ್ಲಿ ಕೂತು ನನ್ನ ಎರಡೂ ಕೈ ಹಿಡಿದುಕೊಂಡ. “ದೊಡ್ಡಮ್ಮಾ, ನನ್ನ ಕೈ ಕಟ್ಟಿತ್ತು. ಪುರಾವೆ ಇಲ್ದೆ ನಾನೇನ್ ಮಾಡ್ಲಿ? ‘ತಪ್ಪು ತಿಳ್ಕೊಂಡಿದ್ದೆ’ ಅಂತ ಒಂದು ಸಾಲು ಬರೆದುಕೊಡು, ಅಮ್ಮನೂ ನಿನ್ ಜೊತೆ ಮಾತಾಡ್ತಾಳೆ” ಅಂದ. ಅವನ ಬೆರಳಿನ ಮೇಲೆ ಚಿಕ್ಕಂದಿನಲ್ಲಿ ಕೊಡಲಿ ತಗುಲಿದ ಗಾಯದ ಗುರುತು ಇನ್ನೂ ಇದೆ. ನನ್ನ ಅಡುಗೆಮನೆಯ ಏಪ್ರನ್ನಿನಿಂದ ರಕ್ತ ಒರೆಸಿದ್ದು ನಾನೇ ಅಲ್ಲವೆ? ಯೋಚಿಸುತ್ತೇನೆ ಎಂದು ಹೇಳಿ ಕಳಿಸಿದೆ. ಮಂಗಳವಾರ ಸಮಿತಿ ಸೇರುತ್ತದಂತೆ.

ಬರುವ ಭಾನುವಾರ ಬೆಟ್ಟದ ಮೇಲೆ ಸಮಾಧಿಗಳಿಗೆ ಹೂವಿಡುವ ದಿನ. ಹುಲ್ಲು ಆಗಲೇ ಕೊಯ್ಯಿಸಿದ್ದೇನೆ. ಅಮ್ಮನಿಗೆ ಕಾಗದದ ಹಳದಿ ಗುಲಾಬಿ ಮಾಡಿದ್ದೇನೆ, ಆರ್ಲನ್‌ಗೆ ಬಿಳಿಯದು. ಯಾರು ಬರಲಿ ಬಿಡಲಿ, ನಿನ್ನ ಮಡಚುವ ಕುರ್ಚಿಯನ್ನು ಓಕ್ ಮರದ ಕೆಳಗೆ ಹಾಕಿಡುತ್ತೇನೆ. ನನ್ನ ಜೊತೆ ಮಾತಾಡದಿದ್ದರೂ ಸರಿ, ಅಮ್ಮನ ಹತ್ತಿರ ಕೂತು ಹೋಗು.

ದೇವರು ನಿನ್ನನ್ನೂ ನಿನ್ನ ಮಗನನ್ನೂ ಚೆನ್ನಾಗಿಟ್ಟಿರಲಿ. ದಿನಾ ಇಬ್ಬರ ಹೆಸರನ್ನೂ ಹೇಳಿಯೇ ಪ್ರಾರ್ಥನೆ ಮುಗಿಸುತ್ತೇನೆ.

ಇನ್ನೂ ನಿನ್ನ ಅಕ್ಕನೇ ಆದ,
ಡೆಲ್ಫಿಯಾ

ಮರೆತಿದ್ದೆ: ನಾಳೆ ಅಂಚೆಯವನು ಬರುವ ಮೊದಲು ಇದೊಂದು ಹೇಳಿಬಿಡುತ್ತೇನೆ. ಗುರುವಾರ ಲೊವೆಲ್‌ನ ಮುಂದೆ ಒಂದು ಲೋಟ ನೀರಿಟ್ಟೆ. ಬೇಕೆಂತಲೇ ಬಾವಿಯ ನೀರು. ಅವನು ಅದನ್ನು ಎತ್ತಿಕೊಂಡಿದ್ದರೆ, ದೇವರಾಣೆ, ತುಟಿಗೆ ತಾಗುವ ಮೊದಲೇ ಕಿತ್ತು ಚೆಲ್ಲಿ, ಅವನು ಕೇಳಿದ ಸಾಲನ್ನು ಅಲ್ಲೇ ಬರೆದುಕೊಡುತ್ತಿದ್ದೆ. ಅವನು ಲೋಟವನ್ನು ಒಂದು ಬೆರಳಿನಿಂದ ಪಕ್ಕಕ್ಕೆ ಸರಿಸಿ “ಈಗ ಬೇಡ ದೊಡ್ಡಮ್ಮಾ” ಅಂದ. ಕಾರಿಗೆ ಹೋಗಿ ಬಾಟಲಿ ತಂದು ಕುಡಿದ. ನನ್ನ ಕಾಗದ ವಾಪಸು ತೆಗೆದುಕೊಳ್ಳುವುದಿಲ್ಲ ಜೀನೀ. ಲೋಟದ ಸಂಗತಿಯನ್ನು ಸಮಿತಿಗೆ ಬರೆದಿಲ್ಲ, ಬರೆಯುವುದೂ ಇಲ್ಲ, ನಿನಗೊಬ್ಬಳಿಗೇ ಹೇಳಿದ್ದು. ನೀಲಿ ಪಾತ್ರೆಯನ್ನು ಇದರ ಜೊತೆಗೇ ಕಳಿಸಿದ್ದೇನೆ, ಒಳಗೆ ಕೇಕು ಇದೆ. ಚರ್ಚಿನವರು ಹಂಚುವ ಬಾಟಲಿ ನೀರಲ್ಲೇ ಮಾಡಿದ್ದು, ಹೆದರದೆ ತಿನ್ನು.